ಒಂದು ಎಕರೆ ತೋಟ, ಒಂಬತ್ತು ಎಕರೆ ಬೆಟ್ಟ: ಅನ್ಯಗ್ರಹದ ಒಕ್ಕಲು ಕಥನಗಳ ಒಂದು ಓದು

ಮತ್ತೊಂದು ಗ್ರಹದ ಗಾಳಿ, ನೀರು, ನೆಲಗಳನ್ನು ಮಾರ್ಪಡಿಸಿ, ಅದನ್ನು ಭೂಮಿಯಂತೆ ಮಾಡಿಕೊಂಡು, ಅಲ್ಲಿ ಮನುಷ್ಯರು ಒಕ್ಕಲು ಹೂಡುವ ಕಲ್ಪನೆ ವಿಜ್ಞಾನ ಕಥಾಸಾಹಿತ್ಯಕ್ಕೆ ಹೊಸತಲ್ಲ. ಅಮೆರಿಕದ ಲೇಖಕ ಜ್ಯಾಕ್ ವಿಲಿಯಮ್ಸನ್ 1942ರಲ್ಲಿ ಪ್ರಕಟವಾದ ಕಥೆಯೊಂದರಲ್ಲಿ ಈ ಕ್ರಿಯೆಗೆ ‘ಟೆರಾಫಾರ್ಮಿಂಗ್’ ಎಂಬ ಹೆಸರಿಟ್ಟರು. ಹೆಸರು ಹುಟ್ಟುವುದಕ್ಕೆ ಮೊದಲೇ, 1930ರ ‘ಲಾಸ್ಟ್ ಅಂಡ್ ಫಸ್ಟ್ ಮೆನ್’ ಕೃತಿಯಲ್ಲಿ ಓಲಾಫ್ ಸ್ಟೇಪಲ್ಡನ್ ಇಡೀ ಶುಕ್ರಗ್ರಹವನ್ನೇ ಹೀಗೆ ಬದಲಾಯಿಸಿ ತೋರಿಸಿದ್ದರು. ಕಥೆಗಾರರ ಈ ಆಸೆಯನ್ನು ವಿಜ್ಞಾನಿಗಳು ಅನಂತರ ಕೈಗೆತ್ತಿಕೊಂಡರು. ಶುಕ್ರದ ಮೋಡಗಳಲ್ಲಿ ಪಾಚಿಯನ್ನು ಬಿತ್ತಬಹುದೆಂಬ ಸೂಚನೆಯನ್ನು ಕಾರ್ಲ್ ಸೇಗನ್ 1961ರಲ್ಲಿ ಮುಂದಿಟ್ಟರು. 1973ರಲ್ಲಿ ಅವರು ಮಂಗಳ ಗ್ರಹವನ್ನು ಬೆಚ್ಚಗಾಗಿಸುವ ಬಗೆಯನ್ನು ಕುರಿತು ಪ್ರಬಂಧ ಬರೆದರು.

ಕನ್ನಡ ವಿಮರ್ಶೆ ಈ ಬಗೆಯ ಸಾಹಿತ್ಯವನ್ನು ಬಹುಮಟ್ಟಿಗೆ ಬದಿಗಿಟ್ಟಿದೆ. ಅದು ಮಕ್ಕಳ ಓದು ಅಥವಾ ಪಶ್ಚಿಮದ ಎರವಲು ಎಂಬ ತೀರ್ಮಾನ ನಮ್ಮಲ್ಲಿ ಚರ್ಚೆಯಿಲ್ಲದೆಯೇ ನೆಲೆಗೊಂಡಿದೆ. ಎರವಲೆಂದೇ ಒಪ್ಪಿಕೊಂಡರೂ, ಆ ಕಥೆಗಳನ್ನು ಓದುವ ಕ್ರಮವನ್ನೂ ನಾವು ಎರವಲು ತರಬೇಕೇ ಎಂಬುದು ನನ್ನ ಪ್ರಶ್ನೆ. ಕಾಡನ್ನು ನಾಡಾಗಿಸಿದ, ಹಾಗೆ ಆಗಿಸುವಾಗ ಏನೇನು ಬೇಕಾಯಿತು ಎಂಬುದರ ಲೆಕ್ಕವಿಟ್ಟುಕೊಂಡ ಸಮಾಜಗಳು ನಮ್ಮಲ್ಲಿವೆ. ಅಂತಹ ಒಂದು ಸೀಮೆಯ ಅನುಭವವನ್ನು ಓದಿನ ಅಳತೆಗೋಲಾಗಿ ಇಟ್ಟುಕೊಂಡು ಅನ್ಯಗ್ರಹದ ಒಕ್ಕಲು ಕಥನಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಸೀಮೆ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳದು.

ಸೊಪ್ಪಿನ ಬೆಟ್ಟದ ಲೆಕ್ಕ

ಈ ಸೀಮೆಯ ಹುಲಗೋಳದಂತಹ ಊರುಗಳಲ್ಲಿ ಅಡಿಕೆ ತೋಟ ಕಣಿವೆಯ ತಳದಲ್ಲಿರುತ್ತದೆ. ತೋಟದ ಅಂಚಿಗೆ ಮನೆ, ಅಂಗಳ, ಕೊಟ್ಟಿಗೆ. ಅದರ ಮೇಲೆ ಹುಲ್ಲು ಬೆಳೆಯುವ ಬೇಣ, ಸೊಪ್ಪಿನ ಬೆಟ್ಟ, ಎಲ್ಲಕ್ಕೂ ಆಚೆ ಕಾನು. ಹೊರಗಿನಿಂದ ಬಂದವರ ಕಣ್ಣಿಗೆ ತೋಟ ಬೇರೆ, ಕಾಡು ಬೇರೆ. ಒಕ್ಕಲಿನ ಲೆಕ್ಕದಲ್ಲಿ ಇವೆರಡೂ ಒಂದೇ ಆಸ್ತಿಯ ಎರಡು ತುದಿಗಳು. ಬೆಟ್ಟದ ಮರಗಳಿಂದ ಸವರಿದ ಹಸಿ ಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹೋಗುತ್ತದೆ. ಬೇಸಗೆಯಲ್ಲಿ ಗುಡಿಸಿ ತಂದ ದರಕೂ ಅಲ್ಲಿಗೇ. ಸಗಣಿ, ಗಂಜಲಗಳೊಡನೆ ಕಲೆತು ಕೊಳೆತು ಗೊಬ್ಬರವಾದ ಮೇಲೆ ಅದು ತೋಟಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆ ಪ್ರತಿವರ್ಷ ಮಣ್ಣಿನ ಸಾರವನ್ನು ತೊಳೆದೊಯ್ಯುವುದರಿಂದ ಈ ಇಳುವಳಿ ಒಂದು ವರ್ಷವೂ ನಿಲ್ಲುವಂತಿಲ್ಲ. ಬಸಿಗಾಲುವೆಯನ್ನು ತೋಡಿ ನೀರನ್ನು ಹೊರಗೆ ಕಳಿಸುವುದು, ಬೆಟ್ಟದಿಂದ ಸತ್ವವನ್ನು ಒಳಗೆ ತರುವುದು: ತೋಟ ಎಂಬುದು ಈ ಎರಡು ಕೆಲಸಗಳ ನಡುವೆ ಹಿಡಿದು ನಿಲ್ಲಿಸಿದ ಒಂದು ಸ್ಥಿತಿ.

ಸರಕಾರಿ ವ್ಯವಸ್ಥೆಯೂ ಈ ಸಂಬಂಧವನ್ನು ಅಂಕಿಯಲ್ಲಿ ಒಪ್ಪಿಕೊಂಡಿತು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ, ಘಟ್ಟದ ಮೇಲಿನ ಒಂದು ಎಕರೆ ತೋಟಕ್ಕೆ ಗರಿಷ್ಠ 9 ಎಕರೆಯವರೆಗೆ ಬೆಟ್ಟವನ್ನು ಸವಲತ್ತಾಗಿ ಬಿಟ್ಟುಕೊಡಲಾಯಿತು. ಭೂಮಿ ಸರಕಾರದ್ದು, ಸೊಪ್ಪು ತೋಟಿಗರದು. ಅಂದರೆ ಒಂದು ಪಾಲು ಹಸನಾದ ನೆಲದ ಹಿಂದೆ ಒಂಬತ್ತು ಪಾಲು ಹಸನಾಗದ ನೆಲ ನಿಂತಿದೆ. ಇದನ್ನು ಆದರ್ಶ ಸಹಬಾಳ್ವೆಯ ಚಿತ್ರವಾಗಿ ಮುಂದಿಡುವುದು ನನ್ನ ಅಭಿಪ್ರಾಯವಲ್ಲ. ತೋಟಿಗರಿಗೆ ಬೆಟ್ಟದ ಸವಲತ್ತು ಉಳಿದ ಅದೇ ಕಾಲದಲ್ಲಿ, ಕುಮರಿ ಬೇಸಾಯವನ್ನು ನಂಬಿದ್ದ ಸಮುದಾಯಗಳು ಅರಣ್ಯ ಕಾನೂನುಗಳ ಅಡಿಯಲ್ಲಿ ತಮ್ಮ ಬದುಕಿನ ಕ್ರಮವನ್ನೇ ಬಹುಮಟ್ಟಿಗೆ ಕಳೆದುಕೊಂಡವು. ಸೊಪ್ಪು ಯಾರ ತೋಟಕ್ಕೆ ಬೀಳುತ್ತಿತ್ತು, ಅದನ್ನು ಸವರಿ ಹೊತ್ತವರು ಯಾರು ಎಂಬ ಪ್ರಶ್ನೆಗಳಿಗೆ ಜಾತಿಯ ಉತ್ತರಗಳಿವೆ. ಆದರೂ ‘ಒಂದಕ್ಕೆ ಒಂಬತ್ತು’ ಎಂಬ ಈ ಲೆಕ್ಕ ಒಂದು ವಿಮರ್ಶಾ ಸಾಧನವಾಗಬಲ್ಲದು. ನೆಲವನ್ನು ಹಸನು ಮಾಡುವ ಯಾವ ಕಥನದ ಮುಂದೆಯೂ ನಿಂತು ‘ಇದರ ಬೆಟ್ಟ ಎಲ್ಲಿದೆ?’ ಎಂದು ಕೇಳಬಹುದು.

ಶುಕ್ರದಿಂದ ಗ್ಯಾನಿಮೀಡ್‌ವರೆಗೆ

ಸ್ಟೇಪಲ್ಡನ್ ಅವರ ಕೃತಿಯಲ್ಲಿ ಭೂಮಿಯ ಅವಸಾನ ಕಂಡ ಮನುಷ್ಯರು ಶುಕ್ರದ ಸಾಗರದ ನೀರನ್ನು ವಿದ್ಯುತ್ತಿನಿಂದ ಒಡೆದು ಆಮ್ಲಜನಕ ಪಡೆಯುತ್ತಾರೆ. ಆ ಸಾಗರದಲ್ಲಿ ಬುದ್ಧಿಯುಳ್ಳ ಜೀವಿಗಳಿವೆ. ನೆಲೆಯೂರುವ ಕ್ರಿಯೆಯಲ್ಲಿ ಅವು ನಾಶವಾಗುತ್ತವೆ. ಈ ಪ್ರಕಾರದ ಮೊದಲ ದೊಡ್ಡ ಕೃತಿಯೇ ತನ್ನ ಕೇಂದ್ರದಲ್ಲಿ ಒಂದು ಸಂಹಾರವನ್ನು ಇಟ್ಟುಕೊಂಡಿದೆ ಮತ್ತು ಅದನ್ನು ಮುಚ್ಚಿಡುವುದಿಲ್ಲ. ಅನಂತರ ಬಂದ ಎಷ್ಟೋ ಕಥೆಗಳು ತಾವು ಹೋಗುವ ಗ್ರಹವನ್ನು ಮೊದಲೇ ನಿರ್ಜನಗೊಳಿಸಿ ಈ ತೊಡಕಿನಿಂದ ಪಾರಾದವು.

ರಾಬರ್ಟ್ ಹೈನ್‌ಲೈನ್ ಅವರ ‘ಫಾರ್ಮರ್ ಇನ್ ದ ಸ್ಕೈ’ (1950) ತೋಟಿಗರ ಸೀಮೆಯ ಓದುಗರಿಗೆ ಹೆಚ್ಚು ಪರಿಚಿತವೆನಿಸಬಹುದಾದ ಕಾದಂಬರಿ. ಗುರುವಿನ ಉಪಗ್ರಹ ಗ್ಯಾನಿಮೀಡ್‌ನಲ್ಲಿ ಬರಿಯ ಬಂಡೆಯಿದೆ, ಮಣ್ಣಿಲ್ಲ. ಯಂತ್ರದಿಂದ ಬಂಡೆಯನ್ನು ಪುಡಿ ಮಾಡಬೇಕು. ಅದಕ್ಕೆ ಜೀವವಿರುವ ಮಣ್ಣನ್ನು ಬೆರೆಸಿ ಹೆಪ್ಪು ಹಾಕಿದಂತೆ ಸೂಕ್ಷ್ಮಜೀವಿಗಳನ್ನು ಹಬ್ಬಿಸಬೇಕು. ನೆರೆಯ ಒಕ್ಕಲಿನವರ ನೆರವು ಬೇಕು. ಮಣ್ಣು ಎಂಬುದು ಸಿಗುವ ವಸ್ತುವಲ್ಲ, ಅದನ್ನು ಮಾಡಬೇಕು ಎಂಬ ತಿಳಿವು ಇಲ್ಲಿದೆ. ರಾಕೆಟ್ಟಿನ ವರ್ಣನೆಗಿಂತ ಗೊಬ್ಬರದ ವರ್ಣನೆಗೆ ಹೆಚ್ಚು ಬೆಲೆ ಕೊಟ್ಟ ವಿಜ್ಞಾನ ಕಾದಂಬರಿಗಳು ಅಪರೂಪ ಎಂಬುದನ್ನು ಮೆಚ್ಚುಗೆಯಿಂದಲೇ ಹೇಳಬೇಕು. ಆದರೆ ಹೆಪ್ಪು ಒಮ್ಮೆ ಹಾಕಿದರೆ ಸಾಕು, ಮುಂದೆ ಹೊಲ ತಾನಾಗಿ ನಡೆಯುತ್ತದೆ ಎಂಬ ನಂಬಿಕೆ ಆ ಕಥೆಯ ತಳದಲ್ಲಿದೆ. ವರ್ಷವರ್ಷವೂ ಹೊರಗಿನಿಂದ ಬರಬೇಕಾದ ಸತ್ವದ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಮುಂದೆ ಭೂಕಂಪದಂತಹ ಕಂಪನದಿಂದ ಶಾಖ ಹಿಡಿದಿಡುವ ವ್ಯವಸ್ಥೆ ಕುಸಿದು ಬಹುಸಂಖ್ಯೆಯ ಒಕ್ಕಲಿಗರು ಸಾಯುವಾಗ, ಆ ನೆಲಕ್ಕೆ ಆಸರೆಯಾಗಿದ್ದುದು ಒಂದು ಯಂತ್ರ ಮಾತ್ರ ಎಂಬುದು ಬಯಲಾಗುತ್ತದೆ. ರೇ ಬ್ರಾಡ್‌ಬರಿ ಅವರ ‘ದ ಮಾರ್ಷಿಯನ್ ಕ್ರಾನಿಕಲ್ಸ್’ (1950) ಕೃತಿಯಲ್ಲಿ ಒಬ್ಬನೇ ಮನುಷ್ಯ ಬಿತ್ತಿದ ಬೀಜ ಒಂದೇ ರಾತ್ರಿಯಲ್ಲಿ ಮರವಾಗುವ ಪ್ರಸಂಗವನ್ನು ಈ ಲೆಕ್ಕಕ್ಕೆ ಒಡ್ಡುವುದು ನ್ಯಾಯವಲ್ಲ. ಅದು ಕನಸಿನ ಜಾತಿಯ ಬರಹ.

ಅರ್ಸುಲಾ ಲೆ ಗ್ವಿನ್ ಅವರ ‘ದ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್’ (1972) ಈ ಪರಂಪರೆಯನ್ನು ತಲೆಕೆಳಗು ಮಾಡಿತು. ಮರಮಟ್ಟು ತೀರಿಹೋದ ಭೂಮಿಗಾಗಿ ಮತ್ತೊಂದು ಗ್ರಹದ ಕಾಡನ್ನು ಕಡಿಯಲಾಗುತ್ತದೆ. ಅಲ್ಲಿಯ ಜನರನ್ನು ಹೆಸರಿಗಷ್ಟೇ ಸ್ವಇಚ್ಛೆಯ ದುಡಿಮೆಗೆ ಹಚ್ಚಲಾಗುತ್ತದೆ. ಮುಂಬಯಿಯ ಹಡಗುಕಟ್ಟೆಗಳಿಗೆ, ಮುಂದೆ ರೈಲು ಹಳಿಗಳಿಗೆ ಸಾಗುವಾನಿ ಮುಂತಾದ ಮರ ಕಳಿಸಿದ ಕೆನರಾ ಜಿಲ್ಲೆಯ ಓದುಗರಿಗೆ ಇದು ಅನ್ಯಗ್ರಹದ ಕಥೆಯಾಗಿ ಉಳಿಯುವುದು ಕಷ್ಟ. ಅದಕ್ಕಿಂತ ಕುತೂಹಲದ ಸಂಗತಿ ಭಾಷೆಯದು. ಆ ಗ್ರಹದವರ ನುಡಿಯಲ್ಲಿ ‘ಅತ್‌ಷಿ’ ಎಂಬ ಒಂದೇ ಪದ ಕಾಡನ್ನೂ ಲೋಕವನ್ನೂ ಸೂಚಿಸುತ್ತದೆ. ಲೇಖಕಿ ಇದನ್ನು ಕಲ್ಪಿಸಿಕೊಳ್ಳಬೇಕಾಯಿತು. ಶಿರಸಿ ಸೀಮೆಯ ಕನ್ನಡದಲ್ಲಿ ‘ಬೆಟ್ಟ’ ಎಂದರೆ ಎತ್ತರದ ನೆಲ, ಸೊಪ್ಪಿನ ಕಾಡು, ಮತ್ತು ಆ ಕಾಡಿನ ಮೇಲಿನ ಹಕ್ಕು. ‘ಅವರಿಗೆ ಎಷ್ಟು ಬೆಟ್ಟವಿದೆ?’ ಎಂಬ ಮಾತಿನಲ್ಲಿ ಈ ಮೂರು ಅರ್ಥಗಳೂ ಒಟ್ಟಿಗೆ ಕೆಲಸ ಮಾಡುತ್ತವೆ. ನಿಘಂಟಿನ ‘ಪರ್ವತ’ ಎಂಬ ಅರ್ಥದಿಂದ ಮಾತ್ರ ಈ ಪದವನ್ನು ಗ್ರಹಿಸಿದವರಿಗೆ ಅದರೊಳಗಿನ ಆಸ್ತಿಯ ಮತ್ತು ಆಧಾರದ ಅರ್ಥಗಳು ಕಾಣುವುದಿಲ್ಲ.

ಈ ಪ್ರಕಾರದ ಅತಿ ವಿಸ್ತಾರವಾದ ಪ್ರಯತ್ನ ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ ಮಂಗಳ ತ್ರಿವಳಿ: ‘ರೆಡ್ ಮಾರ್ಸ್’ (1992), ‘ಗ್ರೀನ್ ಮಾರ್ಸ್’ (1993), ‘ಬ್ಲೂ ಮಾರ್ಸ್’ (1996). ಗ್ರಹವನ್ನು ಹಸಿರಾಗಿಸಲು ಹೊರಟ ಸ್ಯಾಕ್ಸ್ ರಸೆಲ್, ಕೆಂಪು ಬಂಡೆಯನ್ನು ಇದ್ದಂತೆಯೇ ಬಿಡಬೇಕೆನ್ನುವ ಆ್ಯನ್ ಕ್ಲೇಬೋರ್ನ್ ಇವರ ನಡುವಣ ವಾದ ಮೂರೂ ಸಂಪುಟಗಳಲ್ಲಿ ಹರಡಿದೆ. ಜೀವವಿಲ್ಲದ ನೆಲಕ್ಕೂ ತನ್ನಷ್ಟಕ್ಕೆ ತಾನು ಇರುವ ಹಕ್ಕಿದೆಯೇ ಎಂಬ ಪ್ರಶ್ನೆಯನ್ನು ಇಷ್ಟು ದೀರ್ಘವಾಗಿ ಎತ್ತಿಕೊಂಡ ಕಾದಂಬರಿ ಬೇರೊಂದನ್ನು ನಾನು ಓದಿಲ್ಲ. ಕೊಡಲಿ ಮುಟ್ಟಬಾರದ ದೇವರಕಾಡನ್ನು ತೋಟದ ಪಕ್ಕದಲ್ಲಿಯೇ ಉಳಿಸಿಕೊಂಡ ಸಮಾಜಕ್ಕೆ ಆ್ಯನ್‌ಳ ಹಟ ವಿಚಿತ್ರವೆನಿಸದು. ಆದರೆ ದೇವರಕಾಡಿಗೆ ದೇವರ ಭಯದ ಕಾವಲಿದೆ, ಕೆಳಗಿನ ತೋಟಕ್ಕೆ ಹರಿಯುವ ನೀರಿನ ಪ್ರಯೋಜನವೂ ಇದೆ. ಆ್ಯನ್ ರಕ್ಷಿಸಬಯಸುವ ಬಂಡೆಗೆ ಎರಡೂ ಇಲ್ಲ. ಹೀಗಾಗಿ ಅವಳ ವಾದ ನಮ್ಮ ದೇವರಕಾಡಿನ ತರ್ಕಕ್ಕಿಂತ ಒಂದು ಹೆಜ್ಜೆ ಮುಂದಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಗಾಜಿನ ಮನೆಯ ಸಾಕ್ಷ್ಯ

ಈ ಲೆಕ್ಕಕ್ಕೆ ಕಥೆಯ ಹೊರಗೂ ಪುರಾವೆಯಿದೆ. ಅಮೆರಿಕದ ಅರಿಜೋನಾದಲ್ಲಿ ‘ಬಯೋಸ್ಫಿಯರ್ 2’ ಎಂಬ ಮುಚ್ಚಿದ ಗಾಜಿನ ಕಟ್ಟಡದೊಳಗೆ 1991ರಿಂದ 1993ರವರೆಗೆ ಎಂಟು ಜನ ಎರಡು ವರ್ಷ ವಾಸಿಸಿದರು. ಒಟ್ಟು ವಿಸ್ತೀರ್ಣ 3.14 ಎಕರೆ, ಅದರಲ್ಲಿ ಬೇಸಾಯದ ನೆಲ ಸುಮಾರು ಅರ್ಧ ಎಕರೆ, ಉಳಿದುದರಲ್ಲಿ ಮಳೆಕಾಡು, ಹುಲ್ಲುಗಾವಲು, ಪುಟ್ಟ ಸಾಗರ. ಒಳಗಿನ ಗಾಳಿಯಲ್ಲಿ ಶೇಕಡಾ 20.9ರಷ್ಟಿದ್ದ ಆಮ್ಲಜನಕ 1993ರ ಆರಂಭದ ಹೊತ್ತಿಗೆ ಶೇಕಡಾ 14.5ರ ಆಸುಪಾಸಿಗೆ ಇಳಿದು, ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಫಲವತ್ತಾಗಲೆಂದು ಹಾಕಿದ ಸಾವಯವ ಮಣ್ಣಿನ ಸೂಕ್ಷ್ಮಜೀವಿಗಳೇ ಅದನ್ನು ಉಸಿರಾಡಿ ಮುಗಿಸುತ್ತಿದ್ದವು. ಅವು ಬಿಟ್ಟ ಇಂಗಾಲದ ಡೈಆಕ್ಸೈಡಿನ ಒಂದು ಭಾಗವನ್ನು ಕಟ್ಟಡದ ಕಾಂಕ್ರೀಟು ಹೀರಿಕೊಂಡಿತ್ತು. ಅಷ್ಟೇ ಅಲ್ಲ, ಇಡೀ ಕಟ್ಟಡವನ್ನು ತಂಪಾಗಿಡಲು ಹೊರಗೆ ಅನಿಲದಿಂದ ನಡೆಯುವ ವಿದ್ಯುತ್ ಸ್ಥಾವರವಿತ್ತು. ಬೆಟ್ಟ ಗಾಜಿನ ಆಚೆ ಇತ್ತು ಎನ್ನಬಹುದು.

ಮಂಗಳದ ವಿಷಯದಲ್ಲಿ ಅಂಕಿಗಳು ಇನ್ನೂ ಕಠಿಣ. ಅಲ್ಲಿಯ ವಾಯುವಿನ ಒತ್ತಡ ಭೂಮಿಯ ಶೇಕಡಾ 0.6ರಷ್ಟು. ಧ್ರುವದ ಹಿಮವನ್ನೆಲ್ಲ ಆವಿ ಮಾಡಿದರೂ ಅದು ಶೇಕಡಾ 1.2ಕ್ಕೆ ಏರಬಹುದಷ್ಟೇ ಎಂದು ಬ್ರೂಸ್ ಜಕೋಸ್ಕಿ ಮತ್ತು ಕ್ರಿಸ್ಟೋಫರ್ ಎಡ್ವರ್ಡ್ಸ್ 2018ರ ಪ್ರಬಂಧದಲ್ಲಿ ತೋರಿಸಿದರು. ಇಂದಿನ ತಂತ್ರಜ್ಞಾನದಿಂದ ಆ ಗ್ರಹವನ್ನು ಭೂಮಿಯಂತಾಗಿಸುವುದು ಸಾಧ್ಯವಿಲ್ಲ ಎಂಬುದು ಅವರ ನಿರ್ಣಯ. 2008ರಲ್ಲಿ ಫೀನಿಕ್ಸ್ ನೌಕೆ ಅಲ್ಲಿಯ ಮಣ್ಣಿನಲ್ಲಿ ವಿಷಕಾರಿ ಪರ್‌ಕ್ಲೋರೇಟ್ ಲವಣಗಳನ್ನು ಪತ್ತೆಹಚ್ಚಿತ್ತು. ಮಂಗಳದ ಸುತ್ತ ಒಂಬತ್ತು ಎಕರೆ ಇಲ್ಲ. ಅದರ ಬೆಟ್ಟವೆಂದರೆ ಮತ್ತೆ ಭೂಮಿಯೇ.

ನಮ್ಮ ಹಳೆಯ ಒಕ್ಕಲು ಕಥನಗಳು

ಹೊಸ ನೆಲವನ್ನು ಪಡೆದು ಹಸನು ಮಾಡುವ ಕಥನ ನಮ್ಮ ಪರಂಪರೆಯಲ್ಲಿ ಇಲ್ಲವೆನ್ನಲಾಗದು. ಗೋಕರ್ಣದೊಡನೆ ತಳಕು ಹಾಕಿಕೊಂಡ ಪರಶುರಾಮನ ಐತಿಹ್ಯದಲ್ಲಿ ಕಡಲು ಹಿಂದೆ ಸರಿದು ನೆಲ ಹೊರಬರುತ್ತದೆ. ಆ ನೆಲಕ್ಕೆ ಒಕ್ಕಲುಗಳನ್ನು ಕರೆತರಲಾಗುತ್ತದೆ. ಕೇರಳದ ಪಾಠದಲ್ಲಿ ಉಪ್ಪಾಗಿದ್ದ ಆ ಮಣ್ಣನ್ನು ನಾಗಗಳು ಸಿಹಿಗೊಳಿಸುತ್ತವೆ. ನೆಲ ದೊರೆತ ಮಾತ್ರಕ್ಕೆ ಬೆಳೆ ಬಾರದು, ಅಲ್ಲಿಯ ಮೂಲಜೀವಿಗಳ ಅನುಗ್ರಹ ಬೇಕು ಎಂಬ ಗ್ರಹಿಕೆ ಇದರ ಹಿಂದಿದೆ. ನಾಗಬನದ ಒಂದಿಷ್ಟು ಕಾಡನ್ನು ಬಿಡುವ ಕರಾವಳಿಯ ರೂಢಿಯನ್ನು ಈ ಹಿನ್ನೆಲೆಯಲ್ಲಿ ನೆನೆಯಬಹುದು.

ಖಾಂಡವದಹನ ಇದಕ್ಕೆ ತದ್ವಿರುದ್ಧವಾದ ಮಾದರಿ. ಇರಾವತಿ ಕರ್ವೆ ‘ಯುಗಾಂತ’ದಲ್ಲಿ ಈ ಪ್ರಸಂಗವನ್ನು ಬೇಸಾಯದ ನೆಲಕ್ಕಾಗಿ ಕಾಡನ್ನೂ ಅದರ ನಿವಾಸಿಗಳನ್ನೂ ಸುಟ್ಟ ವೃತ್ತಾಂತವಾಗಿ ಓದಿದರು. ಪಂಪನಿಂದ ಮೊದಲ್ಗೊಂಡು ಕನ್ನಡ ಭಾರತ ಕಾವ್ಯಗಳಲ್ಲಿ ಇದು ವೀರರಸದ ಸಂದರ್ಭವಾಗಿ ಬರುತ್ತದೆ. ಬನವಾಸಿಯನ್ನು ನೆನೆದು ಕರಗಿದ ಕವಿಯೇ ಖಾಂಡವದ ಉರಿಯನ್ನೂ ಬಣ್ಣಿಸಿದ್ದಾನೆ ಎಂಬುದು ನಮ್ಮ ಪಠ್ಯಪುಸ್ತಕಗಳು ಒಟ್ಟಿಗೆ ಇಟ್ಟು ನೋಡದ ಸಂಗತಿ. ಸ್ಟೇಪಲ್ಡನ್‌ನ ಶುಕ್ರಕ್ಕೂ ಇಂದ್ರಪ್ರಸ್ಥಕ್ಕೂ ನಡುವೆ ರಚನೆಯಲ್ಲಿ ದೊಡ್ಡ ಅಂತರವಿಲ್ಲ. ಒಂದು ವ್ಯತ್ಯಾಸವಿದೆ: ಮಹಾಭಾರತದಲ್ಲಿ ಪಾರಾಗಿ ಉಳಿದ ತಕ್ಷಕ ಮುಂದೆ ಪರೀಕ್ಷಿತನವರೆಗೂ ಹಗೆಯನ್ನು ಒಯ್ಯುತ್ತಾನೆ. ಸುಟ್ಟ ಕಾಡು ಕಥೆಯೊಳಗೆ ಸಾಲವಾಗಿ ಉಳಿಯುತ್ತದೆ.

ಆಧುನಿಕ ಕನ್ನಡದಲ್ಲಿ ಈ ವಸ್ತುವಿನ ಶ್ರೇಷ್ಠ ಕಾದಂಬರಿ ಶಿವರಾಮ ಕಾರಂತರ ‘ಬೆಟ್ಟದ ಜೀವ’. ಅದು ಪ್ರಕಟವಾದದ್ದು 1943ರಲ್ಲಿ, ವಿಲಿಯಮ್ಸನ್ ತಮ್ಮ ಪದವನ್ನು ಟಂಕಿಸಿದ ಮರುವರ್ಷ. ಇದು ಕಾಕತಾಳೀಯ, ಆದರೂ ಒಂದೇ ದಶಕದಲ್ಲಿ ಎರಡು ದೂರದ ಭಾಷೆಗಳು ಒಂದೇ ಆಸೆಯನ್ನು ಎಷ್ಟು ಬೇರೆಯಾಗಿ ನುಡಿದವು ಎಂಬುದನ್ನು ನೋಡಲು ಅನುಕೂಲ. ಸುಬ್ರಹ್ಮಣ್ಯದ ಕಡೆಯ ದಟ್ಟ ಕಾಡಿನಲ್ಲಿ ಗೋಪಾಲಯ್ಯ ಕೆಳಬೈಲಿನಲ್ಲಿ ಮನೆ ಕಟ್ಟಿ ತೋಟ ಎಬ್ಬಿಸಿದವರು. ಮುಪ್ಪಿನಲ್ಲಿಯೂ ಕಾಟುಮೂಲೆಯಲ್ಲಿ ಇನ್ನೊಂದು ನೆಲವನ್ನು ಹಸನುಗೊಳಿಸುವ ಹುರುಪು ಅವರದು. ಅವರನ್ನು ಅನ್ಯಗ್ರಹದ ಕಥೆಗಳ ನಾಯಕರ ಸಾಲಿನಲ್ಲಿ ನಿಲ್ಲಿಸಿದರೆ ಎರಡು ವಿಷಯಗಳು ಎದ್ದು ಕಾಣುತ್ತವೆ. ಮೊದಲನೆಯದು, ಅಲ್ಲಿ ಕಾಡು ಪೂರ್ತಿಯಾಗಿ ಸೋಲುವುದೇ ಇಲ್ಲ. ಹುಲಿ, ಆನೆಗಳು ತೋಟದ ಅಂಚಿನಲ್ಲಿಯೇ ಇರುತ್ತವೆ. ದಿನದ ದುಡಿಮೆ ನಿಂತರೆ ಕಾಡು ಮರಳಿ ಬರುತ್ತದೆ ಎಂಬ ಎಚ್ಚರ ಕಾದಂಬರಿಯ ಉದ್ದಕ್ಕೂ ಇದೆ. ಹೈನ್‌ಲೈನ್‌ನಲ್ಲಿ ಕಾಣದ ತಿಳಿವಳಿಕೆ ಇದು. ಎರಡನೆಯದು ವಾರಸುದಾರಿಕೆಯ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇನೆ. ಒಂಬತ್ತು ಪಾಲಿನ ಲೆಕ್ಕವನ್ನು ಕಾರಂತರಿಗೂ ಒಡ್ಡಿದರೆ ಕಾದಂಬರಿ ಪೂರ್ತಿ ಪಾರಾಗುವುದಿಲ್ಲ. ದಾರಿ ತಪ್ಪಿದ ನಿರೂಪಕನನ್ನು ಗೋಪಾಲಯ್ಯನ ಮನೆ ಮುಟ್ಟಿಸುವ ದೇರಣ್ಣ, ಬಟ್ಯರು ಆ ಕಾಡನ್ನು ಗೋಪಾಲಯ್ಯನಷ್ಟೇ ಬಲ್ಲವರು. ಮನೆ ಮುಟ್ಟಿಸಿದ ಮೇಲೆ ಕಥೆಯ ನಡುಮನೆಯಲ್ಲಿ ಅವರಿಗೆ ಜಾಗವಿಲ್ಲ.

ಕನ್ನಡ ವಿಜ್ಞಾನ ಕಥೆ ಎಲ್ಲಿ ನಿಂತಿತು

ಕನ್ನಡದಲ್ಲಿ ವಿಜ್ಞಾನ ಕಥಾಸಾಹಿತ್ಯವನ್ನು ನಿಷ್ಠೆಯಿಂದ ಬೆಳೆಸಿದವರಲ್ಲಿ ರಾಜಶೇಖರ ಭೂಸನೂರಮಠರು ಪ್ರಮುಖರು. ‘ಮನ್ವಂತರ’, ‘ಆಪರೇಷನ್ ಯು.ಎಫ್.ಒ’ ಅವರ ಪ್ರಸಿದ್ಧ ಕೃತಿಗಳು. ಬಾಳ ಫೊಂಡ್ಕೆ ಸಂಪಾದಿಸಿ ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಪ್ರಕಟಿಸಿದ ಭಾರತೀಯ ವಿಜ್ಞಾನ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಕನ್ನಡದ ಪ್ರತಿನಿಧಿಗಳಾಗಿ ಭೂಸನೂರಮಠ ಮತ್ತು ಸಂಜಯ ಹಾವನೂರ ಇದ್ದಾರೆ. ಈ ಪರಂಪರೆ ತೆಳುವಾಗಿ ಉಳಿಯಲು ಓದುಗರ ಅನಾಸಕ್ತಿಯೊಂದೇ ಕಾರಣವೆಂದು ನನಗೆ ಅನಿಸುವುದಿಲ್ಲ. ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬಲ್ಲ ಪ್ರತಿಭೆಗಳು 1970ರ ದಶಕದ ನಂತರ ಪರಿಸರದ ಬರವಣಿಗೆಯತ್ತ ತಿರುಗಿದವು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯ ಜನ ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತರು. ‘ಅಪ್ಪಿಕೊ’ ಎಂಬ ಕನ್ನಡ ಕ್ರಿಯಾಪದ ಚಳವಳಿಯ ಹೆಸರಾಯಿತು. ಅದೇ ತಾಲ್ಲೂಕಿನವರಾದ ನಾಗೇಶ ಹೆಗಡೆಯವರ ಪುಸ್ತಕವೊಂದರ ಹೆಸರು ‘ಇರುವುದೊಂದೇ ಭೂಮಿ’. ಎರಡನೆಯ ಭೂಮಿಯ ಕನಸಿಗೆ ಈ ಸೀಮೆ ಕೊಟ್ಟ ಉತ್ತರ ಆ ಶೀರ್ಷಿಕೆಯಲ್ಲಿಯೇ ಇದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕೂಡ ಅಪರಿಚಿತ ಲೋಕವನ್ನು ಹುಡುಕಿ ಹೊರಟ ಕಥೆಯೇ. ಆ ತಂಡ ಘಟ್ಟದ ಕಾಡಿನೊಳಗೇ ಕೋಟ್ಯಂತರ ವರ್ಷ ಹಿಂದಿನ ಜೀವಿಯೊಂದನ್ನು ಕಾಣುತ್ತದೆ, ಮತ್ತು ಅದು ಕೈಗೆ ಸಿಗದೆ ಹಾರಿಹೋಗುತ್ತದೆ. ನೆಲೆಯೂರುವ ಆಸೆಯನ್ನು ಬಿಟ್ಟುಕೊಟ್ಟ ಅನ್ವೇಷಣೆ ಅದು.

ಹೀಗೆಂದ ಮಾತ್ರಕ್ಕೆ ಕನ್ನಡ ಲೇಖಕರು ಅನ್ಯಗ್ರಹದ ಒಕ್ಕಲನ್ನು ಬರೆಯಬೇಕಾಗಿಲ್ಲ ಎಂದು ತೀರ್ಮಾನಿಸುವುದು ಅವಸರವಾದೀತು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಮಂಗಳದ ಕಕ್ಷೆ ಸೇರಿದಾಗ ಅದರ ನಿಯಂತ್ರಣ ನಡೆದದ್ದು ಬೆಂಗಳೂರಿನಿಂದ. ಆ ಗ್ರಹ ಈಗ ಕನ್ನಡ ನಾಡಿನ ದುಡಿಮೆಯ ವ್ಯಾಪ್ತಿಯೊಳಗಿದೆ. ಕಥೆಯ ವ್ಯಾಪ್ತಿಗೂ ಅದು ಬರಬೇಕು. ಬರುವಾಗ ಪಾರಿಭಾಷಿಕ ಪದ ಯಾವುದು ಎಂಬುದೂ ಸಣ್ಣ ವಿಷಯವಲ್ಲ. ‘ಭೂಸದೃಶೀಕರಣ’ ಎಂಬಂತಹ ಸಂಸ್ಕೃತ ಸಮಾಸ ಕ್ರಿಯೆಯ ಫಲವನ್ನು ಮಾತ್ರ ಹೇಳಿ ದುಡಿಮೆಯನ್ನು ಮರೆಸುತ್ತದೆ. ‘ತೋಟ ಎಬ್ಬಿಸು’, ‘ಗದ್ದೆ ಎಬ್ಬಿಸು’ ಎಂಬ ರೂಢಿಯ ಮಾತುಗಳಲ್ಲಿ ನೆಲ ಮಲಗಿದೆ, ಅದನ್ನು ಏಳಿಸಬೇಕು, ಬಿಟ್ಟರೆ ಮತ್ತೆ ಮಲಗುತ್ತದೆ ಎಂಬ ಅರ್ಥವಿದೆ. ‘ಗ್ರಹ ಎಬ್ಬಿಸುವುದು’ ಎಂದರೆ ಮೊದಲಿಗೆ ನಗು ಬರಬಹುದು. ಬಳಸಿದರೆ ಕಿವಿಗೆ ಒಗ್ಗುತ್ತದೆ.

ವಾರಸುದಾರಿಕೆಯ ಮಾತು ಉಳಿದಿದೆ. ಗ್ರಹವೊಂದನ್ನು ಎಬ್ಬಿಸಲು ನೂರಾರು ವರ್ಷ ಬೇಕು. ಆರಂಭಿಸಿದವರು ಫಲ ಕಾಣಲಾರರು. ರಾಬಿನ್ಸನ್ ಈ ತೊಡಕನ್ನು ಆಯುಷ್ಯ ಹೆಚ್ಚಿಸುವ ಚಿಕಿತ್ಸೆಯೊಂದನ್ನು ಕಲ್ಪಿಸಿ ದಾಟಿದರು. ಮೊದಲು ಹೋದವರೇ ಇನ್ನೂರು ವರ್ಷ ಬದುಕಿ ತಮ್ಮ ಕಡಲನ್ನು ತಾವೇ ನೋಡುತ್ತಾರೆ. ಗೋಪಾಲಯ್ಯನಿಗೆ ಆ ಚಿಕಿತ್ಸೆಯಿಲ್ಲ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಶಂಕರಮ್ಮ ಅವನ ದಾರಿ ಕಾಯುತ್ತಾರೆ. ಕಾಟುಮೂಲೆಯಲ್ಲಿ ಬೆವರು ಸುರಿಸುತ್ತಿರುವವನು ನಾರಾಯಣ, ಅವನ ಎದುರಿಗಿರುವುದು ತಾನು ಎಬ್ಬಿಸಿದ ನೆಲ ತನಗೆ ಉಳಿದೀತೇ ಎಂಬ ಪ್ರಶ್ನೆ. ಮಕ್ಕಳು ಬೆಂಗಳೂರು ಸೇರಿ, ವಯಸ್ಸಾದ ದಂಪತಿಗಳಿಬ್ಬರೇ ಉಳಿದ ಎಷ್ಟೋ ಮನೆಗಳು ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದಂಚಿನಲ್ಲಿವೆ. ಅಲ್ಲಿ ಸೊಪ್ಪು ಸವರುವ ಕೈಗಳಿಲ್ಲದೆ ಕೊಟ್ಟಿಗೆ ಬರಿದಾಗುತ್ತಿದೆ, ಗೊಬ್ಬರ ಚೀಲದಲ್ಲಿ ಬರುತ್ತಿದೆ. ಮಂಗಳದ ಮೂರನೆಯ ತಲೆಮಾರಿನ ಮಗನೊಬ್ಬ ಭೂಮಿಯ ಪಟ್ಟಣವೊಂದಕ್ಕೆ ಓದಲು ಹೋಗಿ ಮರಳದಿದ್ದರೆ, ಅಲ್ಲಿಯ ಗಾಳಿಯನ್ನು ಕಾಯ್ದುಕೊಳ್ಳುವ ಯಂತ್ರದ ಮುಂದೆ ಯಾರು ಕೂರುತ್ತಾರೆ ಎಂಬುದನ್ನು ಕೇಳಿದ ಕಾದಂಬರಿಯನ್ನು ನಾನಿನ್ನೂ ಓದಬೇಕಾಗಿದೆ.